ಕೆರೆಯಂಗಳ ಊರಿನ ಕೈಗೆ ಬರಬೇಕು

(ಎಮ್ಮಿಗನೂರಿನಲ್ಲಿ ಮಾಡಿದ ಭಾಷಣದ ಪಾಠ)



ನಾಡಿನ ಏಕೀಕರಣವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಗಡಿಯ ಮಾತನ್ನು ಆಡುತ್ತಾರೆ. ಅದು ಆಡತಕ್ಕ ಮಾತೇ. ಆದರೆ ಈ ದಿನ ನಾನು ಊರಿನ ಒಳಗಿನ ಒಂದು ಗಡಿಯನ್ನು ಕುರಿತು ನಿಮ್ಮ ಮುಂದೆ ನಾಲ್ಕು ಮಾತು ಅರಿಕೆಮಾಡಬೇಕೆಂದಿದ್ದೇನೆ. ನೀರು ಎಲ್ಲಿ ಮುಗಿದು ನೆಲವು ಎಲ್ಲಿ ಆರಂಭವಾಗುತ್ತದೆಯೋ ಆ ಗಡಿ ಅದು. ಕೆರೆಯ ಅಂಗಳ, ಹೊಳೆಯ ದಂಡೆ, ಕಡಲಿನ ತಡಿ, ಇವು ಯಾರವು? ಇವುಗಳನ್ನು ಕಾಯುವ ಹೊಣೆ ಯಾರದು? ಹೊಣೆಯುಳ್ಳವನಿಗೆ ಹಕ್ಕು ಉಂಟೇ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳದೆ ಗ್ರಾಮಸ್ವರಾಜ್ಯವೆಂಬ ಮಾತನ್ನು ನಾವು ಬಾಯಿತುಂಬ ಆಡಲಾರೆವು.

ಕೆರೆಯೆಂದರೆ ನಿಂತ ನೀರು ಮಾತ್ರವೆಂದು ತಿಳಿಯಬಾರದು. ಏರಿ, ತೂಬು, ಕೋಡಿ, ನೀರು ಬರುವ ಹಳ್ಳ, ನೀರು ಉಣ್ಣುವ ಅಚ್ಚುಕಟ್ಟು, ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಅಂಗಳ, ಇವೆಲ್ಲ ಕೂಡಿ ಒಂದು ಕೆರೆ. ಆ ಅಂಗಳದಲ್ಲಿ ಕುರುಬನ ಕುರಿ ಮೇಯುತ್ತದೆ; ಕುಂಬಾರನಿಗೆ ಮಣ್ಣು ದೊರೆಯುತ್ತದೆ; ರೈತನು ಹೂಳನ್ನು ಹೊತ್ತು ಹೊಲಕ್ಕೆ ಹಾಕುತ್ತಾನೆ; ಮಡಿವಾಳನ ಬಂಡೆ ಅಲ್ಲಿಯೇ; ಬೆಸ್ತನ ಬಲೆ ಒಣಗುವುದೂ ಅಲ್ಲಿಯೇ. ಹೊಲವಿಲ್ಲದವನಿಗೆ ಊರಿನಲ್ಲಿ ಉಳಿದಿರುವ ಆಸ್ತಿಯೆಂದರೆ ಈ ಅಂಗಳವೊಂದೇ. ಅದು ಹೋದರೆ ಅವನು ಊರಿನಲ್ಲಿದ್ದೂ ಊರಿಲ್ಲದವನಾಗುತ್ತಾನೆ.

ಇಂಥ ನೆಲವನ್ನು ಸರಕಾರದ ಕಾಗದಗಳು ಯಾವ ಹೆಸರಿನಿಂದ ಕರೆಯುತ್ತವೆ ನೋಡಿರಿ. ಪಹಣಿಯಲ್ಲಿ ಅದಕ್ಕೆ 'ಖರಾಬು' ಎಂದು ಹೆಸರು. ಮದ್ರಾಸಿನ ಕಾಲದಲ್ಲಿ ಅದಕ್ಕೆ 'ಪೋರಂಬೋಕು' ಎನ್ನುತ್ತಿದ್ದರು. ಲೆಕ್ಕದ ಹೊರಗಿನದು ಎಂದು ಅದರ ಅರ್ಥ. ಕಂದಾಯ ಹುಟ್ಟದ ನೆಲವು ಲೆಕ್ಕಕ್ಕಿಲ್ಲದ ನೆಲ! ಊರಿಗೆಲ್ಲ ನೀರುಣಿಸುವುದು ಖರಾಬು. ಒಬ್ಬನಿಗೆ ಬೆಳೆ ಕೊಡುವುದು ಸಾಗುವಳಿ. ಹೆಸರಿನಲ್ಲಿಯೇ ನೀತಿಯು ಅಡಗಿದೆ. ಖರಾಬೆಂದು ಕರೆದುದನ್ನು ಖರಾಬಾಗಿಸಲು ಯಾರೂ ಅಂಜುವುದಿಲ್ಲ.

ನಮ್ಮ ಬಳ್ಳಾರಿ ಸೀಮೆಯು ಮದ್ರಾಸು ಇಲಾಖೆಗೆ ಸೇರಿದ್ದಾಗ 1905ರಲ್ಲಿ ಭೂ ಒತ್ತುವರಿಯ ಕಾಯಿದೆಯೊಂದು ಹುಟ್ಟಿತು. ಹೊಳೆ, ಹಳ್ಳ, ಕೆರೆಗಳ ಪಾತ್ರಗಳೂ, ಅನ್ಯರ ಸ್ವತ್ತೆಂದು ಸಿದ್ಧವಾಗದ ಎಲ್ಲ ನೆಲವೂ ಸರಕಾರದ ಸ್ವತ್ತೆಂದು ಅದು ಸಾರಿತು. ಆಮೇಲೆ ಆಳುವವರು ಬದಲಾದರು, ಸ್ವಾತಂತ್ರ್ಯ ಬಂದಿತು, 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1964ರಲ್ಲಿ ಇಡೀ ನಾಡಿಗೆ ಒಂದೇ ಭೂಕಂದಾಯ ಕಾಯಿದೆ ಜಾರಿಗೆ ಬಂದಿತು. ಅದರ 67ನೆಯ ಕಲಮನ್ನು ಓದಿರಿ. ರಸ್ತೆ, ಓಣಿ, ಹೊಳೆ, ಹಳ್ಳ, ಕೆರೆ, ಕಾಲುವೆಗಳೂ, ಭರತದ ಗೆರೆಯ ಕೆಳಗಿನ ಕಡಲ ನೆಲವೂ, ನಿಂತ ನೀರೂ ಹರಿವ ನೀರೂ ರಾಜ್ಯ ಸರಕಾರದ ಸ್ವತ್ತು. ನಿಯಮಗಳಿಗೆ ಒಳಪಟ್ಟು ಅವುಗಳನ್ನು ವಿಲೇವಾರಿ ಮಾಡುವ ಅಧಿಕಾರವು ಜಿಲ್ಲೆಯ ಅಧಿಕಾರಿಗಳದು. ಊರಿನ ಹೆಸರು ಅಲ್ಲಿ ಇಲ್ಲ. ಒಡೆಯನು ಮದ್ರಾಸಿನಿಂದ ಬೆಂಗಳೂರಿಗೆ ಬಂದನು; ಊರಿನ ಪಾಲಿಗೆ ಒಡೆಯನು ದೂರದವನಾಗಿಯೇ ಉಳಿದನು.

ಹಿಂದೆ ಹೀಗೆ ಇರಲಿಲ್ಲವೆಂಬುದಕ್ಕೆ ಶಾಸನಗಳೇ ಸಾಕ್ಷಿ. ಕೆರೆಯನ್ನು ಕಟ್ಟಿದವನಿಗೂ ಅದನ್ನು ಕಾಯ್ದವನಿಗೂ ಕಟ್ಟುಕೊಡಗಿ, ದಶಬಂಧ ಎಂಬ ಹೆಸರುಗಳಿಂದ ಅಚ್ಚುಕಟ್ಟಿನಲ್ಲಿಯೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕೆರೆ ತುಂಬಿದರೆ ಅವನ ಗದ್ದೆಗೆ ನೀರು. ಕೆರೆ ಒಡೆದರೆ ಅವನ ಗದ್ದೆಯೇ ಮೊದಲು ಒಣಗುವುದು. ಹೊಣೆಯನ್ನೂ ಹಕ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಜಾಣತನವಿದು. ನೀರಗಂಟಿಯು ಊರಿನ ಆಯಗಾರ. ಅವನಿಗೆ ಕಣದಲ್ಲಿಯೇ ಕಾಳು ದೊರೆಯುತ್ತಿತ್ತು. ಆದುದರಿಂದ ಅವನು ಊರಿಗೆ ಉತ್ತರ ಹೇಳಬೇಕಾಗಿತ್ತು.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಿಲಾಶಾಸನವುಂಟು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನವದು. ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ, ಕೆರೆಗೆ ಅಂಟುವ 6 ದೋಷಗಳನ್ನೂ ಅದರಲ್ಲಿ ಹೇಳಿದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ಉಪ್ಪುಮಣ್ಣು ಇನ್ನೊಂದು ದೋಷ. ಎರಡು ರಾಜ್ಯಗಳ ಎಲ್ಲೆಯ ಮೇಲೆ ಕೆರೆಯಿರುವುದನ್ನೂ ಒಂದು ದೋಷವೆಂದೇ ಅಲ್ಲಿ ಎಣಿಸಿದ್ದಾರೆ. ಮಹನೀಯರೇ, ಈ ಕೊನೆಯ ಮಾತನ್ನು ಮನಸ್ಸಿನಲ್ಲಿಡಿರಿ. ಇಬ್ಬರ ಆಳ್ವಿಕೆಯ ನಡುವೆ ಸಿಕ್ಕ ಕೆರೆಗೆ ಇಬ್ಬರೂ ಒಡೆಯರು, ಕಾಯುವವರು ಮಾತ್ರ ಯಾರೂ ಇಲ್ಲ. ಇಂದು ನಮ್ಮ ಕೆರೆಗಳು ಎರಡು ರಾಜ್ಯಗಳ ನಡುವೆ ಇಲ್ಲದಿದ್ದರೂ ಮೂರು ನಾಲ್ಕು ಇಲಾಖೆಗಳ ನಡುವೆ ಸಿಕ್ಕಿವೆ. ನೆಲ ಕಂದಾಯ ಇಲಾಖೆಯದು. ಏರಿ ಮತ್ತು ತೂಬು ಸಣ್ಣ ನೀರಾವರಿ ಇಲಾಖೆಯದು. ಮೀನು ಮೀನುಗಾರಿಕೆ ಇಲಾಖೆಯದು. ದಡದ ಮರ ಅರಣ್ಯ ಇಲಾಖೆಯದು. ಆರನೆಯ ಶತ್ರುವಿಗೆ ಅಂಜಬೇಕಾಗಿಲ್ಲ. ಈ ಒಂದು ದೋಷವೇ ಸಾಕು.

ನಮ್ಮ ಸೀಮೆಯು ನೀರಿನ ಕೆಲಸದಲ್ಲಿ ಬಡವಾದ ಸೀಮೆಯಲ್ಲ. ಕೃಷ್ಣದೇವರಾಯನು ಹೊಸಪೇಟೆಯ ಬಳಿ ದೊಡ್ಡ ಕೆರೆಯನ್ನು ಕಟ್ಟಿಸುತ್ತಿದ್ದುದನ್ನು ಪೋರ್ತುಗೀಜ ಪ್ರವಾಸಿ ಪಾಯೆಸನು ಸುಮಾರು 1520ರಲ್ಲಿ ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದನು. ಕಮಲಾಪುರದ ಕೆರೆ, ದರೋಜಿಯ ಕೆರೆ, ರಾಯ ಕಾಲುವೆ, ಬಸವ ಕಾಲುವೆ, ತುರ್ತು ಕಾಲುವೆ, ಕಂಪ್ಲಿಯ ಕಾಲುವೆ, ಇವೆಲ್ಲ ನಮ್ಮ ಕಣ್ಣ ಮುಂದೆ ಇವೆ. ಅಳಿದ ಅರಮನೆಗಳ ನಡುವೆ ಅಳಿಯದೆ ದುಡಿಯುತ್ತಿರುವುವು ಈ ಕಾಲುವೆಗಳೇ. ಸಾಮ್ರಾಜ್ಯವು 1565ರಲ್ಲಿ ಬಿದ್ದಿತು, ಕಾಲುವೆ ಬೀಳಲಿಲ್ಲ. ಏಕೆಂದರೆ ಅದನ್ನು ಕಾಯುವವರು ಸಿಂಹಾಸನದಲ್ಲಿರಲಿಲ್ಲ, ಗದ್ದೆಯಲ್ಲಿದ್ದರು.

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಏರ್ಪಾಡು ಸಡಿಲಿತು. ಇನಾಮುಗಳ ವಿಚಾರಣೆ ನಡೆಯಿತು. ದಶಬಂಧಗಳು ಕಂದಾಯದ ತಕ್ಕಡಿಗೆ ಏರಿದುವು. ಕೆಲಸ ಮಾತ್ರ ಊರಿನ ಮೇಲೆ ಉಳಿಯಬೇಕೆಂದು 1858ರಲ್ಲಿ ಮದ್ರಾಸಿನಲ್ಲಿ ಕಡ್ಡಾಯದ ದುಡಿಮೆಯ ಕಾಯಿದೆಯನ್ನು ಮಾಡಿದರು. ಹಕ್ಕನ್ನು ಕಸಿದುಕೊಂಡು ಬಿಟ್ಟಿಯನ್ನು ಉಳಿಸಿದ ಈ ನ್ಯಾಯವನ್ನು ಊರು ಒಪ್ಪಲಿಲ್ಲ, ಒಪ್ಪತಕ್ಕದ್ದೂ ಆಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯತಿಗಳ ರೆಗ್ಯುಲೇಷನ್ ಹೊರಟಿತು. ಊರಿನವರನ್ನು ಕೂಡಿಸದೆ ಕೆರೆ ಉಳಿಯದೆಂಬ ಅರಿವು ಆಗಲೇ ಆಳುವವರಿಗೆ ಹುಟ್ಟಿತ್ತೆಂಬುದಕ್ಕೆ ಇಷ್ಟು ಸಾಕು.

ಈಗ ನಮ್ಮ ಕಾಲಕ್ಕೆ ಬರೋಣ. ಪಂಚಾಯತಿಗಳಿಗೆ ಅಧಿಕಾರ ಕೊಡುವುದರಲ್ಲಿ ಕನ್ನಡ ನಾಡು ಇಡೀ ಭಾರತಕ್ಕೆ ಮೇಲ್ಪಂಕ್ತಿಯಾಗಿತ್ತು. ಬಾವಿ ಕೊರೆಯಿಸಿ 'ನೀರ್ ಸಾಬ್' ಎಂದು ಜನರಿಂದ ಕರೆಯಿಸಿಕೊಂಡ ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ 1983ರ ಕಾಯಿದೆ ಸಿದ್ಧವಾಯಿತು. 1987ರಲ್ಲಿ ಅದರಂತೆ ಚುನಾವಣೆಗಳು ನಡೆದುವು. ಅನಂತರ ರಾಜ್ಯಾಂಗದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಕೊಡಬಹುದಾದ 29 ವಿಷಯಗಳುಂಟು. ಸಣ್ಣ ನೀರಾವರಿ ಮತ್ತು ಜಲಾನಯನ, ಮೀನುಗಾರಿಕೆ, ಸಾಮುದಾಯಿಕ ಆಸ್ತಿಗಳ ರಕ್ಷಣೆ, ಈ ಮೂರೂ ಅದರಲ್ಲಿವೆ. ನಮ್ಮ 1993ರ ಪಂಚಾಯತಿ ಕಾಯಿದೆಗೆ ಇತ್ತೀಚೆಗೆ ಗ್ರಾಮಸ್ವರಾಜ್ ಎಂಬ ಹೆಸರೂ ಸೇರಿದೆ. ಹೆಸರು ಬಂದಿತು, ನೆಲ ಬರಲಿಲ್ಲ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳ ದುರಸ್ತಿ ಪಂಚಾಯತಿಗಳದು, ಅದಕ್ಕೆ ಮೇಲ್ಪಟ್ಟುದು ಇಲಾಖೆಯದು ಎಂಬ ವಿಭಾಗವುಂಟು. ಆದರೆ ಚಿಕ್ಕ ಕೆರೆಯ ವಿಷಯದಲ್ಲಿಯೂ ಊರಿಗೆ ದೊರೆತುದು ರಿಪೇರಿಯ ಹೊಣೆ. ಅಂಗಳದ ಒಡೆತನವು 67ನೆಯ ಕಲಮಿನ ಪ್ರಕಾರ ಸರಕಾರದಲ್ಲಿಯೇ ಇದೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದರು. ಸಂಘಕ್ಕೆ ಹೂಳೆತ್ತುವ ಕೆಲಸ ಸಿಕ್ಕಿತು, ಒಡೆತನ ಸಿಕ್ಕಲಿಲ್ಲ. 2014ರಲ್ಲಿ ಕೆರೆಗಳ ಸಂರಕ್ಷಣೆಗೆಂದು ರಾಜ್ಯಮಟ್ಟದ ಪ್ರಾಧಿಕಾರದ ಕಾಯಿದೆಯಾಯಿತು. 36,000ಕ್ಕೂ ಹೆಚ್ಚು ಕೆರೆಗಳಿರುವ ನಾಡಿನಲ್ಲಿ ಬೆಂಗಳೂರಿನಲ್ಲಿ ಕುಳಿತ ಒಂದು ಪ್ರಾಧಿಕಾರವು ಎಷ್ಟು ಏರಿಗಳ ಮೇಲೆ ನಡೆದೀತು?

ಇದಕ್ಕೆ ಬೇರೆ ದಾರಿಯೇ ಇಲ್ಲವೆನ್ನುವವರಿಗೆ ನಾನು ಕಾಸರಗೋಡನ್ನು ತೋರಿಸುತ್ತೇನೆ. ನಮ್ಮಿಂದ ಅಗಲಿದ ಆ ಕನ್ನಡ ನೆಲದ ಹೆಸರೆತ್ತಿದರೆ ನಮ್ಮ ಎದೆ ನೋಯುತ್ತದೆ. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ನಮಗೆ ಕೊಡಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದರೂ ಅದು ನಡೆಯಲಿಲ್ಲ. ಆ ನೋವು ಹಾಗಿರಲಿ. ಕೇರಳದ 1994ರ ಪಂಚಾಯತಿ ಕಾಯಿದೆಯ 218ನೆಯ ಕಲಮು ಏನು ಹೇಳುತ್ತದೆಂಬುದನ್ನು ನಾವು ನಿಷ್ಪಕ್ಷಪಾತವಾಗಿ ನೋಡಬೇಕು. ಸಾರ್ವಜನಿಕ ನೀರಿನ ಹರಿವುಗಳು, ಹೊಳೆ ಹಳ್ಳಗಳ ಪಾತ್ರ ಮತ್ತು ದಂಡೆಗಳು, ಕೆರೆ, ಹಿನ್ನೀರು, ಬುಗ್ಗೆ, ಬಾವಿಗಳು, ಅವಕ್ಕೆ ಹೊಂದಿದ ಖಾಸಗಿಯಲ್ಲದ ನೆಲ, ಇವೆಲ್ಲವೂ ಗ್ರಾಮ ಪಂಚಾಯತಿಯ ವಶಕ್ಕೆ ಸೇರತಕ್ಕವು. ಹಲವು ಪಂಚಾಯತಿಗಳಲ್ಲಿ ಹರಿಯುವ ನದಿಗಳನ್ನು ಸರಕಾರವು ಅಧಿಸೂಚನೆಯಿಂದ ಬೇರೆಯಿಡಬಹುದು. ಅಂದರೆ ಮಂಜೇಶ್ವರದ, ಬದಿಯಡ್ಕದ, ಎಣ್ಮಕಜೆಯ ಕನ್ನಡಿಗನಿಗೆ ತನ್ನೂರ ಮದಕದ ಮೇಲೆ ಕಾಯಿದೆಯಿಂದ ಬಂದ ಹಕ್ಕು ಉಂಟು; ಎಮ್ಮಿಗನೂರಿನ ಕನ್ನಡಿಗನಿಗೆ ತನ್ನೂರ ಕೆರೆಯಂಗಳದ ಮೇಲೆ ಅದು ಇಲ್ಲ. ಕಾಸರಗೋಡಿನ ಬಂಧುಗಳನ್ನು ನಾವು ತಾಯಿನಾಡಿಗೆ ಬರಹೇಳುತ್ತೇವಲ್ಲವೇ? ಹಕ್ಕನ್ನು ಗಡಿಯಲ್ಲಿ ಬಿಟ್ಟು ಬನ್ನಿರೆಂದು ಕರೆಯುವುದು ಯಾವ ಔದಾರ್ಯ? ತಾಯಿಯ ಮನೆಯಲ್ಲಿ ಆ ಹಕ್ಕು ಮೊದಲೇ ಕಾದಿರಬೇಕು.

ಹೊಳೆಯ ದಂಡೆಯ ಸ್ಥಿತಿಯನ್ನೂ ನೋಡೋಣ. 1953ರ ವೇಳೆಗೆ ಸಿದ್ಧವಾದ ತುಂಗಭದ್ರಾ ಅಣೆಕಟ್ಟು ನಮ್ಮ ಸೀಮೆಗೆ ಅನ್ನ ಕೊಟ್ಟಿತು. ಕೆಳಮಟ್ಟದ ಕಾಲುವೆಯಿಂದ ಈ ಬಯಲು ಭತ್ತದ ಕಣಜವಾಯಿತು. ಆದರೆ ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ 106ಕ್ಕಿಂತ ಕೆಳಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ನೀರು ಹರಿದುಹೋದುದನ್ನು ನೀವೆಲ್ಲ ಕಂಡಿದ್ದೀರಿ. ಅಣೆಕಟ್ಟಿನ ಆಡಳಿತವು ಹಲವು ರಾಜ್ಯಗಳಿಗೆ ಸೇರಿದ ಬೋರ್ಡಿನದು; ಅದು ಊರೊಂದರ ಕೈಗೆ ಬರತಕ್ಕದ್ದೂ ಅಲ್ಲ. ಆದರೆ ಜಲಾಶಯದ ಹಿನ್ನೀರಿನ ಅಂಚಿನ ಊರುಗಳಿಗೆ ಆ ಅಂಚಿನ ವಿಷಯದಲ್ಲಿ ಕೇಳಿಸುವ ಒಂದು ದನಿಯಾದರೂ ಬೇಡವೇ? ಜಲಾಶಯದ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಟ್ಟಿದ್ದಾರೆ. ಒಳ್ಳೆಯ ಕೆಲಸ. ಹರಿಗೋಲು ಹಾಕುವ ಅಂಬಿಗನನ್ನೂ ಬಲೆ ಬೀಸುವ ಬೆಸ್ತನನ್ನೂ ಕಾವಲಿನವರನ್ನಾಗಿ ಮಾಡಿಕೊಂಡರೆ ಆ ಪ್ರಾಣಿ ಉಳಿದೀತು. ಅವರನ್ನು ಕಳ್ಳರೆಂದು ಕಂಡರೆ ಉಳಿಯದು.

ಹಂಪೆಯ ಎದುರು ದಡದ ವಿರೂಪಾಪುರ ಗಡ್ಡೆಯ ಕಥೆ ಇನ್ನೊಂದು. ಹೊಳೆಯ ನಡುವಣ ಆ ನೆಲದಲ್ಲಿ ವರುಷಗಟ್ಟಲೆ ವಸತಿಗೃಹಗಳು ಬೆಳೆದುವು. ಕೊನೆಗೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ ಮಾರ್ಚ್‌ನಲ್ಲಿ ಅವನ್ನು ಕೆಡವಿದರು. ದೂರದ ಅಧಿಕಾರದ ಸ್ವಭಾವವೇ ಇದು: ಮೊದಲು ಕಾಣದು, ಕಂಡರೆ ಜೆ.ಸಿ.ಬಿ.ಯೊಡನೆ ಬರುವುದು. ಮೊದಲ ಕಲ್ಲು ಇಟ್ಟ ದಿನವೇ ತಡೆಯಬಲ್ಲವರು ನೆರೆಹೊರೆಯ ಊರಿನವರಲ್ಲದೆ ಮತ್ತಾರು?

ಇದಕ್ಕೆ ಎದುರಾಗಿ ಒಳ್ಳೆಯ ಉದಾಹರಣೆಯೂ ನಮ್ಮ ನೆರೆಯಲ್ಲಿದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯು ಹೊಲಗಳಿಗಾಗಿ ಕಟ್ಟಿದ ಊರಕೆರೆ. ಅದರ ಜಾಲಿಮರಗಳಲ್ಲಿ ಹಕ್ಕಿಗಳು ನೆಲೆಸಿದುವು. ಅದು ಪಕ್ಷಿಗಳ ಸಂರಕ್ಷಣಾ ಮೀಸಲಾಯಿತು. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ ಜಗತ್ತಿಗೆ ಗೊತ್ತಾಯಿತು. ನೂರು ಹೆಕ್ಟೇರಿಗೂ ಕಡಿಮೆಯಾದ ಒಂದು ಊರಕೆರೆಗೆ ಈ ಮರ್ಯಾದೆ ಬಂದಿತೆಂದರೆ ನೆನಪಿಡಿರಿ: ಅಲ್ಲಿ ಹಕ್ಕಿಯ ನೆರೆಯವನು ರೈತ. ನೆರೆಯವನು ಸಹಿಸದೆ ಯಾವ ಹಕ್ಕಿಯೂ ಗೂಡು ಕಟ್ಟದು.

ಇನ್ನು ಆಕ್ಷೇಪಗಳು. ಮೊದಲನೆಯದು: ಪಂಚಾಯತಿಯ ಕೈಗೆ ಕೊಟ್ಟರೆ ಮೆಂಬರುಗಳೇ ಅಂಗಳವನ್ನು ಹಂಚಿಕೊಂಡಾರು. ಈ ಅಂಜಿಕೆ ಸುಳ್ಳಲ್ಲ. ಆದುದರಿಂದಲೇ ನಾವು ಕೇಳುವುದು ಕಾಯುವ ಹಕ್ಕನ್ನು, ಮಾರುವ ಹಕ್ಕನ್ನಲ್ಲ. ಮಾರುವ, ಪರಭಾರೆ ಮಾಡುವ, ಮನೆ ನಿವೇಶನಕ್ಕೆ ಕೊಡುವ ಅಧಿಕಾರವು ಪಂಚಾಯತಿಗೂ ಇರಬಾರದು, ಸರಕಾರಕ್ಕೂ ಇರಬಾರದು. ಎರಡನೆಯದು: ಒಂದು ಕೆರೆಯ ಅಂಗಳ ಒಂದೂರಿನದು, ಅಚ್ಚುಕಟ್ಟು ಇನ್ನೊಂದೂರಿನದು ಆದರೆ ಹೇಗೆ? ಆಗ ಎರಡೂರಿನವರೂ ಕೂಡಿದ ಒಂದು ಸಮಿತಿ ಇರಲಿ. ಗೆಣಸು ಹಂಚಿಕೊಳ್ಳಬಲ್ಲವರು ನೀರನ್ನೂ ಹಂಚಿಕೊಂಡಾರು. ಮೂರನೆಯದು: ಊರಿನಲ್ಲಿ ಬಲವಂತರು ಬಡವರನ್ನು ದಡಕ್ಕೇ ಬಿಡರು. ಇದು ಎಲ್ಲಕ್ಕಿಂತ ತೂಕದ ಮಾತು. ಕೆಲವರು ಕೆರೆಯ ನೀರನ್ನೇ ಮುಟ್ಟಬಾರದೆಂಬ ಕಟ್ಟಳೆಯಿದ್ದ ನಾಡು ಇದು; 1927ರಲ್ಲಿ ಮಹಾಡಿನ ಚವದಾರ ಕೆರೆಯ ನೀರನ್ನು ಕುಡಿಯಲು ಅಂಬೇಡ್ಕರರು ಸಾವಿರಾರು ಜನರೊಡನೆ ಸತ್ಯಾಗ್ರಹ ಮಾಡಬೇಕಾಯಿತು. ಅಲ್ಲಿ ಊರಿನ ಪುರಸಭೆಯು ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆಂದು ಠರಾವು ಮಾಡಿಯೂ ಅದನ್ನು ನಡೆಯಿಸಿರಲಿಲ್ಲ. ಆದುದರಿಂದ ಮೇಯಿಸುವವರ, ಮೀನು ಹಿಡಿಯುವವರ, ಬಟ್ಟೆ ಒಗೆಯುವವರ ಹಕ್ಕುಗಳನ್ನು ಹೆಸರಿಸಿ ಬರೆದು ಕಾಯಿದೆಯಲ್ಲಿಯೇ ಕಾಪಾಡಬೇಕು. ಅವರಿಗೆ ಸಮಿತಿಯಲ್ಲಿ ಸ್ಥಾನವಿರಬೇಕು. ಅನ್ಯಾಯವಾದರೆ ಮೇಲಿನವರಿಗೆ ಅಪೀಲು ಇರಬೇಕು.

ಸಾರ್ವಜನಿಕ ದಡವನ್ನು ಆಳುವವನೂ ಮಾರಲಾರನೆಂಬುದು ನಮ್ಮ ಹೊಸ ಕಲ್ಪನೆಯಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನವು 1869ರಲ್ಲಿ ಷಿಕಾಗೋ ನಗರದ ಸರೋವರದ ಪಾತ್ರವನ್ನು ಒಂದು ರೈಲ್ವೆ ಕಂಪೆನಿಗೆ ಬರೆದುಕೊಟ್ಟು 1873ರಲ್ಲಿ ಹಿಂದಕ್ಕೆ ಪಡೆಯಿತು. ಸಂಸ್ಥಾನವು ಕಂಪೆನಿಯ ಮೇಲೆ ವ್ಯಾಜ್ಯ ಹೂಡಿದಾಗ, ಸರಕಾರವು ಇಂಥ ನೀರಿಗೆ ಜನರ ಪರವಾದ ಧರ್ಮದರ್ಶಿಯೇ ಹೊರತು ಮನಬಂದಂತೆ ಕೊಟ್ಟುಬಿಡುವ ಒಡೆಯನಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಸ್ಥಾನವು 1892ರಲ್ಲಿ ತೀರ್ಮಾನಿಸಿತು. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಬಿಯಾಸ್ ನದಿಯ ದಂಡೆಯ ಪ್ರಕರಣದಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. 2011ರ ಜನವರಿಯಲ್ಲಿ ಪಂಜಾಬಿನ ಒಂದು ಊರಕೆರೆಯ ವ್ಯಾಜ್ಯದಲ್ಲಿ ಇನ್ನೂ ಮುಂದೆ ಹೋಗಿ, ಒತ್ತುವರಿಯಾದ ಊರಿನ ಸಾಮುದಾಯಿಕ ನೆಲವನ್ನು ಬಿಡಿಸಿ ಗ್ರಾಮಸಭೆ, ಗ್ರಾಮ ಪಂಚಾಯತಿಗಳಿಗೆ ಹಿಂದಿರುಗಿಸುವ ಯೋಜನೆಯನ್ನು ಎಲ್ಲ ರಾಜ್ಯಗಳೂ ಮಾಡತಕ್ಕದ್ದೆಂದು ಆಜ್ಞಾಪಿಸಿತು. ನ್ಯಾಯಸ್ಥಾನವು ದಾರಿ ತೋರಿಸಿದೆ. ಶಾಸನಸಭೆಯು ಆ ದಾರಿಯಲ್ಲಿ ನಡೆಯಬೇಕಾಗಿದೆ.

ಹಾಗಾದರೆ ನಮ್ಮ ಬೇಡಿಕೆಗಳೇನು? ಮೊದಲನೆಯದಾಗಿ, ಕೆರೆಯಂಗಳ, ಹಳ್ಳದ ದಂಡೆ, ಕರಾವಳಿಯಲ್ಲಿ ಕಡಲ ತಡಿ, ಇವು ಗ್ರಾಮ ಪಂಚಾಯತಿ, ಪಟ್ಟಣ ಪಂಚಾಯತಿ, ಪುರಸಭೆಗಳ ವಶಕ್ಕೆ ಜನರ ಪರವಾದ ನಿಕ್ಷೇಪವೆಂದು ಬರಬೇಕು. ಎರಡನೆಯದಾಗಿ, ಅಳತೆಮಾಡಿ ಗಡಿಕಲ್ಲು ನೆಟ್ಟ ಮೇಲೆಯೇ ಒಪ್ಪಿಸಬೇಕು. ಒತ್ತುವರಿಯ ಜಗಳವನ್ನು ಊರಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಾರದು. ಮೂರನೆಯದಾಗಿ, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾವ ಗುತ್ತಿಗೆಯೂ ಆಗಬಾರದು. ನಾಲ್ಕನೆಯದಾಗಿ, ಮೀನು, ಹೂಳು, ಮರಗಳಿಂದ ಹುಟ್ಟುವ ಹಣವು ಆ ಕೆರೆಯ ನಿಧಿಗೇ ಸೇರಬೇಕು. ಆ ನಿಧಿಯಿಂದ ನೀರಗಂಟಿಗೆ ಸಂಬಳ ದೊರೆಯಬೇಕು. ತಜ್ಞತೆ ಬೇಕಾದ ಕಡೆ ಇಲಾಖೆಯ ಇಂಜಿನಿಯರರು ಸಲಹೆ ಕೊಡಲಿ. ಯಜಮಾನಿಕೆ ಮಾಡುವುದು ಬೇಡ.

ಉಪಾಧ್ಯಾಯ ಬಂಧುಗಳೇ, ಇದರಲ್ಲಿ ನಿಮ್ಮ ಪಾಲು ದೊಡ್ಡದು. ಕಾಯಿದೆ ಬರುವ ತನಕ ಕಾಯಬೇಕಾಗಿಲ್ಲ. ಊರಿನ ನಕಾಶೆಯನ್ನು ಸರ್ವೆ ಕಚೇರಿಯಿಂದ ತರಿಸಿ ಶಾಲೆಯ ಗೋಡೆಗೆ ತೂಗುಹಾಕಿರಿ. ಕೆರೆಯ ಸರ್ವೆ ನಂಬರು ಯಾವುದು, ಎಷ್ಟು ಎಕರೆ, ಎಷ್ಟು ಗುಂಟೆ ಎಂಬುದು ಏಳನೆಯ ತರಗತಿಯ ಹುಡುಗನಿಗೆ ಮಗ್ಗಿಯಂತೆ ಬಾಯಿಗೆ ಬರಲಿ. ವರುಷಕ್ಕೊಮ್ಮೆ ಮಕ್ಕಳನ್ನು ಏರಿಯ ಮೇಲೆ ನಡೆಯಿಸಿ, ಗಡಿಕಲ್ಲುಗಳನ್ನು ಎಣಿಸಿರಿ. ಕಡಿಮೆಯಾಗಿದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ. ಕೇಳಿದುದನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿರಿ. ಬರೆದುದು ಉಳಿಯುತ್ತದೆ. ಪಟ್ಟಣದ ಓದುಬಲ್ಲ ಮಹನೀಯರು ಹಳೆಯ ಶಾಸನಗಳಿಂದ, ಇನಾಮು ದಫ್ತರಗಳಿಂದ ತಂತಮ್ಮ ಕೆರೆಗಳ ಚರಿತ್ರೆಯನ್ನು ಹೊರತೆಗೆಯಲಿ. ಹಕ್ಕು ಕೇಳುವವನ ಕೈಯಲ್ಲಿ ದಾಖಲೆ ಇರಬೇಕು.

ಆಲೂರ ವೆಂಕಟರಾಯರು 1905ರಲ್ಲಿ ಹಂಪೆಯನ್ನು ಕಂಡು ಕರ್ನಾಟಕತ್ವದ ದೀಕ್ಷೆ ಪಡೆದರು. ಆ ದೀಕ್ಷೆಯಿಂದ ಹುಟ್ಟಿದ ಚಳವಳಿಯು ಐದು ಆಡಳಿತಗಳಲ್ಲಿ ಹರಿದುಹಂಚಿದ್ದ ನಾಡನ್ನು ಒಂದುಗೂಡಿಸಿತು. ಬಳ್ಳಾರಿಯು ಕನ್ನಡ ನಾಡಿನಲ್ಲಿ ಉಳಿಯುವುದಕ್ಕಾಗಿ ಈ ಜಿಲ್ಲೆಯ ಜನರು ಪಟ್ಟ ಕಷ್ಟವನ್ನು ನಿಮ್ಮ ಹಿರಿಯರು ಬಲ್ಲರು. ಅಂದು ಆದವಾನಿ, ಆಲೂರು, ರಾಯದುರ್ಗಗಳನ್ನು ನಾವು ಕಳೆದುಕೊಂಡೆವು. ಇದೇ ಹೆಸರಿನ ಇನ್ನೊಂದು ಎಮ್ಮಿಗನೂರು ಆದವಾನಿಯ ಆಚೆ ಕರ್ನೂಲು ಜಿಲ್ಲೆಯಲ್ಲಿದೆ. ಹೆಸರು ಒಂದೇ, ಆಳ್ವಿಕೆ ಬೇರೆ. ಗಡಿಯ ಗೆರೆಯು ಎಷ್ಟನ್ನು ನಿರ್ಣಯಿಸುತ್ತದೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಅಷ್ಟು ಕಷ್ಟದಿಂದ ಪಡೆದ ನಾಡಿನಲ್ಲಿ ಪ್ರತಿಯೊಂದು ಊರೂ ತನ್ನ ಕೆರೆಯ ದಡದಲ್ಲಿ ಪರಕೀಯನಂತೆ ನಿಲ್ಲುವುದಾದರೆ ಏಕೀಕರಣವು ಅರ್ಧಕ್ಕೆ ನಿಂತಿದೆಯೆಂದೇ ನಾನು ಹೇಳುತ್ತೇನೆ.

ಮುಂದಿನ ಗ್ರಾಮಸಭೆಯಲ್ಲಿ ಈ ಊರು ಒಂದು ಠರಾವನ್ನು ಮಾಡಲಿ: ನಮ್ಮ ಕೆರೆಹಳ್ಳಗಳ ಅಂಗಳವನ್ನು ಅಳೆದು, ಕಲ್ಲು ನೆಟ್ಟು, ಕಾಯಲು ನಮಗೆ ಒಪ್ಪಿಸಿರಿ ಎಂದು. ಒಂದು ಊರಿನ ಠರಾವನ್ನು ಕಡತದಲ್ಲಿ ಮುಚ್ಚಿಡಬಹುದು. ಕಂಪ್ಲಿ, ಸಂಡೂರು, ಹೊಸಪೇಟೆ ತಾಲೂಕುಗಳ ಊರೂರೂ ಅದನ್ನೇ ಬರೆದರೆ ಮುಚ್ಚಿಡಲು ಕಡತ ಸಾಲದು.